ಹಿಂದಕ್ಕೆ ಬಂದ ಉಡಿ

ಕಾಶವ್ವನ ಮಗಳು ಸಮೃದ್ಧಿಯ ಫಾರ್ಮಸಿ ಕಾಲೇಜಿನ ಫೀ ಮೊದಲ ಮೂರು ವರ್ಷವೂ ಕಟ್ಟಿದವರು ನಾವು. ಕಾಶವ್ವ ನನ್ನ ನಾದಿನಿ, ಯಜಮಾನರ ತಂಗಿ. ಅವಳ ಗಂಡ ದುಂಡಪ್ಪ ಖಾನಾಪುರದಿಂದ ಲೋಂಡಾಕ್ಕೆ ಟೆಂಪೋ ಓಡಿಸುತ್ತಾನೆ, ಬಂದದ್ದು ಡೀಸೆಲ್ಲಿಗೇ ಸರಿ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಪೈಪಿನ ಅಂಗಡಿಯಲ್ಲಿ ಮಾತ್ರ ನೋಟು ಬೆಳೆಯುತ್ತವೆ ಎಂದು ಇಡೀ ಬಳಗದ ನಂಬಿಕೆ.

ಕೊನೆಯ ವರ್ಷಕ್ಕೆ ಕಾಲೇಜಿನವರು ಫೀಯನ್ನು ಒಮ್ಮೆಲೇ ಒಂದೂವರೆ ಪಟ್ಟು ಮಾಡಿದರು. ಕೇಳಲು ಹೋದ ಯಜಮಾನರನ್ನು ಮಧ್ಯಾಹ್ನದವರೆಗೆ ಹೊರಗೆ ಕೂರಿಸಿ, ಆಗದಿದ್ದರೆ ಬಿಡಿಸಿರಿ ಎಂದು ಕಳಿಸಿದರು. ಅಂಗಡಿಯಲ್ಲಿ ಹುಲಿಯಾಗಿರುವ ಮನುಷ್ಯ ಅಲ್ಲಿಂದ ಬೆಕ್ಕಾಗಿ ಬಂದರು. ನನ್ನ ಸಿಟ್ಟು ನೆತ್ತಿಗೇರಿತು. ಸಮೃದ್ಧಿ ನಮ್ಮ ಮಗ ಸುಮಿತನ ಹೆಂಡತಿಯಾಗುವುದಾದರೆ ಕಟ್ಟೋಣ, ಪರರ ಮನೆ ಬೆಳಗುವವಳಿಗೆ ಇನ್ನೊಂದು ಪೈಸೆಯೂ ಇಲ್ಲ ಎಂದೆ. ಸೋದರಮಾವನ ಮಗನಿಗೆ ಕೊಡುವುದು ನಮ್ಮಲ್ಲಿ ನಡೆದು ಬಂದದ್ದೇ. ಹುಡುಗಿ ಮಾತ್ರ ಒಲ್ಲೆನೆಂದು ಮೊದಲೇ ಹೇಳಿದ್ದಳು.

ಒಲ್ಲೆನ್ನಲು ಬಿಟ್ಟರೆ ತಾನೇ? ಭಾನುವಾರ ಹಸಿರು ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು, ಸಕ್ಕರೆಯ ಪೊಟ್ಟಣ ಕಟ್ಟಿಕೊಂಡು ಯಜಮಾನರೂ ನಾನೂ ಖಾನಾಪುರಕ್ಕೆ ಹೋದೆವು. ಓಣಿಯ ಹೆಂಗಸರನ್ನೂ ಕರೆದೆ. ಕಾಶವ್ವ ಚಹಾ ಮಾಡಲು ಒಳಗೆ ಹೋದದ್ದೇ ತಡ, ಕೊನೆಯ ವರ್ಷ, ಮಾಮಿಯ ಆಶೀರ್ವಾದ ತಗೋ ಎಂದು ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿ, ಬಾಯಿಗೆ ಸಕ್ಕರೆ ಹಾಕಿಬಿಟ್ಟೆ. ಮದುವೆಯಾಗದವಳಿಗೆ ಹಸಿರು ಸೀರೆಯ ಉಡಿ, ಮೇಲೆ ಸಕ್ಕರೆ ಎಂದರೆ ನಿಶ್ಚಯವೇ. ತುಂಬಿದ ಉಡಿಯನ್ನು ಯಾವ ಹೆಂಗಸೂ ಬೇಡವೆಂದು ಕೊಡವುವಂತಿಲ್ಲ.

ಹೊರಬಂದ ಕಾಶವ್ವ ಮಗಳನ್ನು ನೋಡಿದಳು. ಸಮೃದ್ಧಿ ಸಕ್ಕರೆ ನುಂಗದೆ ಅಳುತ್ತ ಕುಳಿತಿದ್ದಳು.

“ಅಣ್ಣಾ, ನಿನಗ ಗೊತ್ತಿತ್ತೇನು?” ಎಂದು ಕಾಶವ್ವ ಕೇಳಿದಳು.

ಯಜಮಾನರು ನೆಲ ನೋಡಿದರು. ಅವಳು ನನ್ನ ಕಡೆ ತಿರುಗಿ ನಕ್ಕಳು.

“ವೈನಿ, ಕುಂದರ್ರಿ. ಬರೇ ಉಡೀಲೆ ಹೆಂಗ ಕಳಸ್ಲಿ ನಿಮ್ಮನ್ನ?”

ಅಷ್ಟು ಜನರ ಮುಂದೆ ಒಲ್ಲೆ ಎನ್ನುವುದು ಹೇಗೆ? ಕುಳಿತೆ. ಅವಳು ನನಗೆ ಕುಂಕುಮ ಹಚ್ಚಿ, ಮಗಳ ಉಡಿಯಿಂದ ಅದೇ ಸೀರೆ, ಅದೇ ಅಕ್ಕಿ, ಅದೇ ಸಕ್ಕರೆಯ ಪೊಟ್ಟಣ ತೆಗೆದು ನನ್ನ ಸೆರಗಿಗೆ ತುಂಬಿದಳು.

“ನಿಮ್ಮದು ನಿಮಗ ಮುಟ್ಟಿತ್ರಿ. ಆಕಿ ಕಾಲೇಜು ಬಿಡ್ತಾಳ. ನಿಮ್ಮ ಮನೀಗಿ ಬರಂಗಿಲ್ಲ.”

ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕೊಡವುವಂತಿಲ್ಲವಲ್ಲ, ಬೆಳಗಾವಿಯವರೆಗೂ ಆ ಅಕ್ಕಿಯನ್ನು ಮಡಿಲಲ್ಲಿ ಹಿಡಿದು ಕುಳಿತೆ. ಅವಳ ಮನೆ ಹಾಳಾಗಲಿ ಎಂದು ದಾರಿಯುದ್ದಕ್ಕೂ ಶಪಿಸಿದೆ.

ಸೋಮವಾರ ಯಜಮಾನರೇ ಕಾಲೇಜಿಗೆ ಹೋಗಿ ಸಮೃದ್ಧಿಯ ಹೆಸರು ತೆಗೆಸಿ ಬಂದರು. ಪಾಲಕ ಎಂದು ಅಲ್ಲಿ ಇವರ ಸಹಿಯೇ ಇತ್ತು. ಯಾಕೆ ಬಿಡಿಸುತ್ತೀರಿ ಎಂದು ಕಾಲೇಜಿನವರು ಕೇಳಿದರಂತೆ. ನಿಮ್ಮ ಫೀ ನಮ್ಮನ್ನು ಹಾಳು ಮಾಡಿತೆಂದು ಮುಖಕ್ಕೆ ಹೇಳಿದಿರೋ ಇಲ್ಲವೋ ಎಂದೆ. ಅವರು ಊಟದ ತಾಟು ಸರಿಸಿ ಎದ್ದರು.

“ಕಾರಣ ಮನ್ಯಾಗಿನ ಜಗಳಾ ಅಂತ ಬರಸೀನಿ.”