ಮೂತಿ ತಿದ್ದಿದ ಹಡಗು

ಮಿಸಿಸಾಗದ ಆಫೀಸಿನಲ್ಲಿ ಚೆನ್ನಯ ಮೂರು ವರ್ಷದಿಂದ ಒಂದೇ ಹಡಗಿನ ನಕ್ಷೆ ಬರೆಯುತ್ತಿದ್ದ. ಹೆಪ್ಪುಗಟ್ಟಿದ ಸಮುದ್ರವನ್ನು ಒಡೆದು ದಾರಿ ಮಾಡಲು ಕೆನಡಾದ ಕರಾವಳಿ ಕಾವಲು ಪಡೆಗೆ ಬೇಕಾದ ಹಡಗು. ಅದರ ಮೂತಿ, ಅಂದರೆ ನೀರು ಸೀಳುವ ಮುಂಭಾಗ, ಅವನ ಪಾಲಿನ ಕೆಲಸ. ಮಂಜುಗಡ್ಡೆಯ ಮೇಲೆ ಹತ್ತಿ, ತನ್ನ ಭಾರದಿಂದಲೇ ಅದನ್ನು ಮುರಿಯುವಂಥ ಮೂತಿ. ಅವನು ತಿದ್ದಿ ಮುಗಿಸುವಷ್ಟರಲ್ಲಿ ಮೇಲಿನಿಂದ ಹೊಸ ಬೇಡಿಕೆ ಬರುತ್ತಿತ್ತು: ಇನ್ನೂ ದೊಡ್ಡ ಹೆಲಿಕಾಪ್ಟರು ಇಳಿಯಬೇಕು, ಇನ್ನಷ್ಟು ಜನಕ್ಕೆ ಜಾಗ ಬೇಕು. ಹಡಗು ಉದ್ದವಾಗುತ್ತಿತ್ತು, ಚೆನ್ನಯ ಮೊದಲಿನಿಂದ ಶುರುಮಾಡುತ್ತಿದ್ದ.

ಇದನ್ನೇ ನಂಬಿ ಅವನು ಹೆಂಡತಿ ಪಂಕಜಾಳ ಚಿಕ್ಕಮ್ಮನ ಮಗ ಅಕ್ಷತ್‌ನನ್ನು ಕರೆಸಿಕೊಂಡಿದ್ದ. "ಹತ್ತು ವರ್ಷದ ಕೆಲಸ ಉಂಟು ಮಾರಾಯ, ಬಾ." ಅಕ್ಷತ್ ಕೊಚ್ಚಿಯ ಹಡಗು ಕಟ್ಟುವ ಯಾರ್ಡಿನ ಕಾಯಂ ನೌಕರಿ ಬಿಟ್ಟು ಬಂದ.

2018ರ ಬೇಸಿಗೆಯಲ್ಲಿ ಸರ್ಕಾರ ಹೊರದೇಶದ ಸೆಕೆಂಡ್‌ಹ್ಯಾಂಡ್ ಹಡಗುಗಳನ್ನು ಕೊಂಡಿತು. ಕಂಪನಿಯಲ್ಲಿ ಹೊಸ ಹಡಗಿನ ಕೆಲಸ ನಿಂತಿತು. ಹಳೆಯವಕ್ಕೆ ತೇಪೆ ಹಾಕುವ ಸಣ್ಣ ಕೆಲಸವಷ್ಟೇ ಸಿಕ್ಕಿತು. ಮ್ಯಾನೇಜರ್ ಚೆನ್ನಯನನ್ನು ಕರೆದ.

"ನೀನು ಇರ್ತೀಯ. ಅಕ್ಷತ್ ಹೋಗ್ಬೇಕು. ನೀನೇ ಹೇಳು, ನಿಮ್ಮ ಭಾಷೆಯಲ್ಲಾದ್ರೆ ಅವನಿಗೆ ಸುಲಭ."

ಕ್ಯಾಂಟೀನಿನಲ್ಲಿ ಚೆನ್ನಯ ಹೇಳಿದ. ಅಕ್ಷತ್ ಡಬ್ಬಿಯ ಮುಚ್ಚಳ ಹಾಕಿದ.

"ನನ್ನ ವರ್ಕ್ ಪರ್ಮಿಟ್ ಈ ಕಂಪನಿಗೆ ಮಾತ್ರ ಉಂಟಲ್ಲ, ಭಾವ. ಇಲ್ಲಿ ಬೇರೆ ಕಡೆ ಸೇರ್ಲಿಕ್ಕೆ ಆಗುದಿಲ್ಲ."

"ಗೊತ್ತುಂಟು."

"ನೀವು?"

"ನನ್ನನ್ನು ಇಟ್ಕೊಂಡಿದ್ದಾರೆ."

"ಒಳ್ಳೇದಾಯ್ತು," ಎಂದ ಅಕ್ಷತ್. "ಹಳೇ ಹಡಗಿಗೆ ಪೈಂಟ್ ಹೊಡೀಲಿಕ್ಕೂ ಒಬ್ಬರು ಬೇಕು."

ಅವನು ಊರಿಗೆ ಹೊರಡುವ ದಿನ ಪಂಕಜಾ ಕೋರಿ ರೊಟ್ಟಿ ಮಾಡಿ ಕಾದಳು. ಅಕ್ಷತ್ ಬರಲಿಲ್ಲ, ಬ್ರ್ಯಾಂಪ್ಟನ್ನಿನ ತನ್ನ ಬಾಡಿಗೆ ರೂಮಿನಿಂದಲೇ ಟ್ಯಾಕ್ಸಿ ಹಿಡಿದು ಏರ್‌ಪೋರ್ಟಿಗೆ ಹೋದ.

"ಅವನನ್ನು ತೆಗೆದ್ರೆ ನಾನೂ ಬಿಡ್ತೇನೆ ಅಂತ ನೀವು ಒಂದು ಮಾತು ಹೇಳ್ಲಿಲ್ಲ," ಎಂದಳು ಪಂಕಜಾ, ರೊಟ್ಟಿಯ ಮೇಲೆ ಕೋಳಿ ಸಾರು ಬಡಿಸುತ್ತಾ.

"ಹೇಳಿದ್ರೆ ಎಂತ ಆಗ್ತಿತ್ತು?"

"ಎಂತದೂ ಆಗ್ತಿರ್ಲಿಲ್ಲ. ಅವನು ಊಟಕ್ಕೆ ಬರ್ತಿದ್ದ."

ಮರುವರ್ಷ ಸರ್ಕಾರ ಮತ್ತೆ ಹೊಸ ಹಡಗುಗಳ ಮಾತು ತೆಗೆಯಿತು. ಕಂಪನಿಗೆ ಜನ ಬೇಕಾದರು. "ನಿನ್ನ ಆ ಹುಡುಗ ಚೆನ್ನಾಗಿ ಕೆಲಸ ಮಾಡ್ತಿದ್ದ, ಕರೆಸು," ಎಂದ ಮ್ಯಾನೇಜರ್, ಅಕ್ಷತ್ ರಜೆ ಮುಗಿಸಿ ಬರಬೇಕಾದವನು ಎಂಬಂತೆ.

ಅಕ್ಷತ್ ಆಗ ದುಬೈಯ ಒಂದು ರಿಪೇರಿ ಯಾರ್ಡಿನಲ್ಲಿದ್ದ. ಚೆನ್ನಯ ಎರಡು ವಾರ ಯೋಚಿಸಿ ಫೋನ್ ಮಾಡಿದ. ಅಕ್ಷತ್ ಎಲ್ಲವನ್ನೂ ಕೇಳಿಸಿಕೊಂಡ.

"ಕಟ್ಟಿ ಮುಗಿದ ಮೇಲೆ ಒಂದು ಫೋಟೋ ಕಳಿಸಿ ಭಾವ," ಎಂದು ಫೋನ್ ಇಟ್ಟ.

ಪಕ್ಕದಲ್ಲೇ ಕೂತಿದ್ದ ಪಂಕಜಾ, ಅಕ್ಷತ್ ಏನೆಂದ ಅಂತ ಕೇಳಲಿಲ್ಲ. ಎದ್ದು ಒಳಗೆ ಹೋದಳು.