ಒಂಬತ್ತಿಂಚಿನ ಕೊಂಬೆಗೊಂದು ಗರಗಸ

ಮಂಗಳವಾರದ ಗಾಳಿಗೆ ಹಲ್ಲಿನ ಡಾಕ್ಟರ ಮನೆಯ ಹಿತ್ತಲಿನ ಮರ ಸೀಳಿ, ಅದರ ದೊಡ್ಡ ಕೊಂಬೆ ಅತ್ತೆಯ ಕೋಣೆಯ ಕಿಟಕಿಗೆ ಒರಗಿ ಮಲಗಿತು. ಗಾಜು ಒಡೆಯಲಿಲ್ಲ. ಆದರೆ ಕೋಣೆಯಲ್ಲಿ ಮಟಮಟ ಮಧ್ಯಾಹ್ನವೇ ಕತ್ತಲಾಯಿತು. ಅತ್ತೆ, ಅಂದರೆ ಡಾಕ್ಟರ ಹೆಂಡತಿಯ ತಾಯಿ, ಮೂವತ್ತೈದು ವರ್ಷ ಬಟ್ಟೆ ಹೊಲಿದವರು. ಈಗಲೂ ಆ ಕಿಟಕಿಯ ಪಕ್ಕದಲ್ಲೇ ಮಿಷನ್ ಇಟ್ಟುಕೊಂಡು ಬೀದಿಯವರ ಪ್ಯಾಂಟುಗಳನ್ನು ಗಿಡ್ಡ ಮಾಡಿಕೊಡುತ್ತಿದ್ದರು. ಕೊಂಬೆ ಬಿದ್ದ ಮೇಲೂ ಅವರು ಜಾಗ ಬದಲಿಸಲಿಲ್ಲ, ಕೆಲಸ ನಿಲ್ಲಿಸಲಿಲ್ಲ, ಬೈಯುವುದನ್ನಂತೂ ನಿಲ್ಲಿಸಲೇ ಇಲ್ಲ.

ಮರ ಕಡಿಯುವವನಿಗೆ ಫೋನ್ ಮಾಡಿದರೆ, "ನಾಳೆ ಬೆಳಗ್ಗೆ ಮೊದಲು ನಿಮ್ಮನೇನೇ ಸಾರ್" ಎಂದ. ಅಂಥ ನಾಲ್ಕು ನಾಳೆಗಳು ಕಳೆದು ಶನಿವಾರ ಬಂತು.

"ನಾನೇ ಒಂದು ಮಿಷನ್ ತಂದು ಕೊಯ್ದುಬಿಡ್ತೀನಿ" ಎಂದರು ಡಾಕ್ಟರು.

ಹೆಂಡತಿ ಶಾಲೆಯ ಹೆಡ್‌ಮಿಸ್ಟ್ರೆಸ್ಸು. ಕೆಂಪು ಪೆನ್ನನ್ನು ಉತ್ತರಪತ್ರಿಕೆಯ ಮೇಲಿಂದ ಎತ್ತದೆಯೇ ಕೇಳಿದರು: "ಹೋದ ವರ್ಷ ಗೋಡೆಗೆ ಮೊಳೆ ಹೊಡೆಯೋಕೆ ಹೋಗಿ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡವರು ಯಾರ್ರೀ?"

"ಅದು ಸುತ್ತಿಗೆ ತಪ್ಪು."

ಬಾಯಿಬಿಟ್ಟು ಹೇಳದಿದ್ದರೂ ಡಾಕ್ಟರಿಗೆ ಇದು ಇಪ್ಪತ್ತು ವರ್ಷದ ಆಸೆ. ದಿನವಿಡೀ ಪರರ ಬಾಯೊಳಗೆ ಸಾಸಿವೆಯಷ್ಟು ತೂತು ಹುಡುಕಿ, ಅದಕ್ಕೆ ಸಾಸಿವೆಯಷ್ಟೇ ಸಿಮೆಂಟು ತುಂಬುವ ಮನುಷ್ಯ ಅವರು. ಒಮ್ಮೆಯಾದರೂ ಏನನ್ನಾದರೂ ಗರ್ರನೆ, ದೊಡ್ಡದಾಗಿ, ಯಾರ ಬಾಯಿಯೂ ಅಡ್ಡ ಬಾರದಂತೆ ಕತ್ತರಿಸಬೇಕೆಂದು ಜೀವ ತುಡಿಯುತ್ತಿತ್ತು.

ಅವರ ಜೊತೆ ಹೊರಟವನು ಭಾವ, ಹೆಂಡತಿಯ ಅಣ್ಣ. ಲಾರಿ ಓಡಿಸಿ ನಿವೃತ್ತನಾದವನು. ಎಂಜಿನ್ ಇರುವ ವಸ್ತುಗಳ ಬಗ್ಗೆ ತನಗೆ ಗೊತ್ತಿಲ್ಲದ್ದು ಇನ್ನೂ ತಯಾರಾಗಿಲ್ಲ ಎಂದೇ ಅವನ ನಂಬಿಕೆ. "ಪೆಟ್ರೋಲಿಂದೇ ತಗೋಬೇಕು ಡಾಕ್ಟ್ರೇ. ಸರಪಳಿ ಓಡೋ ಪಟ್ಟಿನೇ ಇಪ್ಪತ್ತಿಂಚು ಇರಬೇಕು. ಸ್ಟಾರ್ಟ್ ಮಾಡಿದ್ರೆ ಪಕ್ಕದ ಬೀದೀಲಿ ಮಲಗಿರೋರು ಎದ್ದು ಕೂರಬೇಕು" ಎಂದು ದಾರಿಯುದ್ದಕ್ಕೂ ಅವರನ್ನು ನುಗ್ಗೆ ಮರ ಹತ್ತಿಸಿದ. ಕರೆಯದಿದ್ದರೂ ಅತ್ತೆಯೂ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕೊರಳಲ್ಲಿ ಎಂದಿನಂತೆ ಅಳತೆ ಟೇಪು ಜೋತಾಡುತ್ತಿತ್ತು.

ಯಂತ್ರಗಳ ಅಂಗಡಿಯ ಒಡತಿ ಡಾಕ್ಟರನ್ನು ಕಂಡದ್ದೇ ತಡ ಎಡಗೆನ್ನೆಗೆ ಕೈ ಹಚ್ಚಿಕೊಂಡಳು. ಅವಳ ದವಡೆ ಹಲ್ಲೊಂದರ ಕೆಲಸ ಅರ್ಧ ಆಗಿತ್ತು. ಉಳಿದರ್ಧಕ್ಕೆ ಅದೇ ಮಧ್ಯಾಹ್ನ ಮೂರಕ್ಕೆ ಬರಲು ಹೇಳಿದ್ದರು.

"ಹಲ್ಲಿನ ವಿಷಯ ಅಲ್ಲಮ್ಮಾ. ಕಿಟಕಿ ಮೇಲೆ ಕೊಂಬೆ ಬಿದ್ದಿದೆ, ಮರ ಕೊಯ್ಯೋ ಮಿಷನ್ ಬೇಕಿತ್ತು."

ಅವಳು ಕೈ ಇಳಿಸಿ ಸ್ಟೂಲು ತೋರಿಸಿದಳು. "ಕೂತ್ಕೊಳ್ಳಿ. ವರ್ಷಕ್ಕೆ ಎಷ್ಟು ಸಲ ಉಪಯೋಗಿಸ್ತೀರಾ?"

"ತಿಂಗಳಿಗೆ ಎರಡು ಸಲ ಆಗ್ಬೋದು" ಎಂದರು ಡಾಕ್ಟರು.

ಹೇಳಿದ ಕೂಡಲೇ ಆ ದನಿ ಅವರಿಗೆ ಎಲ್ಲೋ ಕೇಳಿದಂತಿತ್ತು. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ ಎಂದು ಅವರ ಕುರ್ಚಿಯಲ್ಲಿ ಅಂಗಾತ ಮಲಗಿದವರು ಆಡುವ ದನಿ ಅದು. ಹಿತ್ತಲಲ್ಲಿ ಇರುವುದೇ ಒಂದೂವರೆ ಮರ. ಹೆಂಗಸು ತಾವು ರೋಗಿಗಳನ್ನು ನೋಡುವ ಹಾಗೆಯೇ ತಮ್ಮನ್ನು ನೋಡುತ್ತಿದ್ದಾಳೆ ಎನ್ನಿಸಿ, "ವರ್ಷಕ್ಕೆ ಎರಡು ಸಲ" ಎಂದು ತಿದ್ದಿಕೊಂಡರು.

"ಒಂದು ಸಲ" ಎಂದರು ಅತ್ತೆ.

"ಕೊಂಬೆ ಎಷ್ಟು ದಪ್ಪ?"

ಡಾಕ್ಟರು ಕೈ ಅಗಲಿಸಿದರು. ಭಾವ ಅದನ್ನೂ ಮೀರಿ ಅಗಲಿಸಿದ. ಅತ್ತೆ ಕೊರಳ ಟೇಪನ್ನು ಮೇಜಿನ ಮೇಲಿಟ್ಟು, "ಸುತ್ತಳತೆ ಇಪ್ಪತ್ತೆಂಟು. ಬೆಳಗ್ಗೆನೇ ಅಳೆದಿದೀನಿ. ಇವರ ಸೊಂಟಕ್ಕಿಂತ ಎಂಟಿಂಚು ಕಮ್ಮಿ" ಎಂದು ಅಳಿಯನ ಕಡೆ ಗಲ್ಲ ಎತ್ತಿದರು.

"ಅಂದ್ರೆ ಅಡ್ಡಕ್ಕೆ ಒಂಬತ್ತಿಂಚು. ಹನ್ನೆರಡರ ಪಟ್ಟಿ ಸಾಕು. ಇನ್ನೂ ದೊಡ್ಡದು ತಗೊಂಡ್ರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ" ಎಂದಳು ಅಂಗಡಿಯವಳು.

ಭಾವನಿಗೆ ಇದು ಲಾರಿ ಓಡಿಸುವವನ ಕೈಗೆ ಸೈಕಲ್ ಕೊಟ್ಟಷ್ಟು ಅವಮಾನವಾಯಿತು. ಅವನ ಒತ್ತಾಯಕ್ಕೆ ಅವಳು ಪೆಟ್ರೋಲಿನ ದೊಡ್ಡದನ್ನು ಅಂಗಡಿಯ ಹಿಂದಿನ ಅಂಗಳಕ್ಕೆ ತಂದು, ಅಲ್ಲಿದ್ದ ಮರದ ದಿಮ್ಮಿಯ ಪಕ್ಕ ನೆಲದ ಮೇಲಿಟ್ಟಳು. "ಹಿಡಿಯಲ್ಲಿ ಕಾಲಿಟ್ಟು ಒತ್ತಿ, ಹಗ್ಗ ಎಳೀರಿ."

ಡಾಕ್ಟರು ಎಳೆದರು. ಅದು ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದರು, ಮತ್ತೆ ಕೆಮ್ಮಿತು. ಆರನೆಯ ಸಲಕ್ಕೆ ಅಂಗಿಯ ಗುಂಡಿಯೊಂದು ಕಿತ್ತು ಹಾರಿತು. "ಸರೀರಿ ಆ ಕಡೆ" ಎಂದು ಮುಂದೆ ಬಂದ ಭಾವ, ಏನೇನೋ ತಿರುವಿ, ಒತ್ತಿ, ಒಂಬತ್ತು ಸಲ ಎಳೆದು, ಕೊನೆಗೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ. ಅಂಗಳವೆಲ್ಲ ಪೆಟ್ರೋಲ್ ನಾತ.

"ಎಂಜಿನ್ ಒಳಗೆ ಪೆಟ್ರೋಲ್ ತುಂಬಿಬಿಟ್ಟಿದೀರಾ" ಎಂದು ಅಂಗಡಿಯವಳು ಸ್ವಲ್ಪ ಹೊತ್ತು ಕಾದು ಎರಡು ಸಲ ಎಳೆದಳು. ಅದು ಘರ್ಜಿಸಿತು. ಡಾಕ್ಟರಿಗೆ ಕನ್ನಡಕ, ಕೈಗವಸು, ಕಿವಿಮುಚ್ಚಿಗೆ ತೊಡಿಸಿ ಕೈಗೆ ಕೊಟ್ಟಳು. ಅವರು ಆ ದಿಮ್ಮಿಯನ್ನು ಒಂದೇ ಒಂದು ಸಲ ಕೊಯ್ದರು. ಹೊಟ್ಟು ಚಿಮ್ಮಿತು. ಆ ಅರ್ಧ ನಿಮಿಷ ಅವರು ಹಲ್ಲು, ಒಸಡು, ಲಾಲಾರಸ ಎಲ್ಲವನ್ನೂ ಮರೆತರು.

ಒಳಗೆ ಬಂದು, ಅಂಗಡಿಯವಳು ತರಿಸಿದ ಟೀ ಲೋಟ ಎತ್ತಿಕೊಂಡಾಗ ಟೀ ಅರ್ಧ ಮೇಜಿಗೆ, ಅರ್ಧ ಪ್ಯಾಂಟಿಗೆ ಚೆಲ್ಲಿತು. ಎರಡೂ ಕೈ ಗಡಗಡ ನಡುಗುತ್ತಿದ್ದವು.

ಅಂಗಡಿಯವಳು ಆ ಕೈಗಳನ್ನೇ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. "ಡಾಕ್ಟ್ರೇ, ಮೂರು ಗಂಟೆಗೆ ಇವೇ ಕೈ ಅಲ್ವಾ ನನ್ನ ಬಾಯೊಳಗೆ ಬರೋದು?"

"ಅಷ್ಟೊತ್ತಿಗೆ ಸರಿಹೋಗುತ್ತೆ" ಎಂದರು ಡಾಕ್ಟರು. ತಾವು ದಿನಾ ಹೇಳುವ "ಏನೂ ನೋವಾಗಲ್ಲ" ಎಂಬ ಮಾತಿನಷ್ಟೇ ಅದರಲ್ಲೂ ಸತ್ಯವಿತ್ತು.

ಅವಳು ಒಳಹೋಗಿ ಕಿತ್ತಳೆ ಬಣ್ಣದ ಪುಟ್ಟ ಮಿಷನ್ ತಂದಳು. ಅದು ಕರೆಂಟಿನದು. "ಹಗ್ಗ ಎಳೆಯೋದಿಲ್ಲ, ಗುಂಡಿ ಒತ್ತಿದ್ರೆ ಆಯ್ತು. ವರ್ಷಕ್ಕೊಮ್ಮೆ ಅಂದ್ರೆ ಪೆಟ್ರೋಲ್ ಒಳಗೇ ಕೆಟ್ಟು ಅಂಟಾಗಿ ಕೂರುತ್ತೆ, ಆಮೇಲೆ ರಿಪೇರಿಗೆ ನನ್ನತ್ರನೇ ಬರ್ತೀರಾ. ಬ್ಯಾಟರಿದೂ ಇದೆ, ಆದ್ರೆ ಚಾರ್ಜ್ ಮಾಡೋಕೆ ನೆನಪಿರಬೇಕಲ್ಲ. ಕಿಟಕಿ ಪಕ್ಕದ ಕೆಲಸ, ಪ್ಲಗ್ ಹತ್ರನೇ ಇದೆ. ದಪ್ಪ ವೈರಿನ ಎಕ್ಸ್‌ಟೆನ್ಷನ್ ತಗೊಳ್ಳಿ, ಅದನ್ನ ಯಾವಾಗ್ಲೂ ಬೆನ್ನ ಹಿಂದೆ ಇಟ್ಕೊಳ್ಳಿ. ಪಟ್ಟಿ ತುದಿ ಎಲ್ಲಿಗೂ ತಾಗಿಸಬೇಡಿ, ಮುಖಕ್ಕೆ ಎಗರುತ್ತೆ. ಕೈ ಮುಂದೆ ಇರೋ ಈ ಅಡ್ಡಪಟ್ಟಿ ಬ್ರೇಕು."

"ವೈರ್ ಇರೋದಕ್ಕೆ ಗರಗಸ ಅನ್ನಲ್ಲ, ಮಿಕ್ಸಿ ಅಂತಾರೆ" ಎಂದ ಭಾವ, ಗೋಡೆಯ ಕಡೆ ತಿರುಗಿಕೊಂಡು.

ಡಾಕ್ಟರು ಅದನ್ನು ಎತ್ತಿ ನೋಡಿದರು. ಹಗುರವಾಗಿತ್ತು. ಮನಸ್ಸು ಇನ್ನೂ ಅಂಗಳದ ದೊಡ್ಡದರ ಕಡೆಗೇ ಎಳೆಯುತ್ತಿತ್ತು. ಆದರೆ ಮೇಜಿನ ಮೇಲೆ ಚೆಲ್ಲಿದ್ದ ಟೀ ಒರೆಸಲು ಹೋದ ಕೈ ಬಟ್ಟೆಯನ್ನೂ ನೆಟ್ಟಗೆ ಹಿಡಿಯಲಿಲ್ಲ. "ಇದೇ ಇರಲಿ" ಎಂದರು. ಅಂಗಡಿಯವಳು ಮಿಷನ್ ಕಟ್ಟಿಕೊಟ್ಟು, ತನ್ನ ಹಲ್ಲನ್ನು ಸೋಮವಾರಕ್ಕೆ ಮುಂದೂಡಿದಳು.

ಭಾನುವಾರ ಊಟವಾದ ಮೇಲೆ ಕೆಲಸ ಶುರುವಾಯಿತು. ಹೆಂಡತಿ ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರು. ಅತ್ತೆ ಕಿಟಕಿಯೊಳಗಿಂದ ಎಲೆ ಸರಿಸಿ ನೋಡುತ್ತಿದ್ದರು. ಭಾವನಿಗೆ ಪ್ಲಗ್ಗಿನ ಪಕ್ಕ ನಿಲ್ಲುವ ಕೆಲಸ ಸಿಕ್ಕಿತ್ತು. ಮದುವೆ ಮನೆಯಲ್ಲಿ ಚಪ್ಪಲಿ ಕಾಯಲು ಹೇಳಿದವನ ಮುಖ ಮಾಡಿಕೊಂಡು ನಿಂತಿದ್ದ.

ಸಣ್ಣ ರೆಂಬೆಗಳು ಬೆಣ್ಣೆ ಕೊಯ್ದ ಹಾಗೆ ತುಂಡಾಗಿ ಉದುರಿದವು. ಡಾಕ್ಟರ ಎದೆ ಉಬ್ಬಿತು. ದೊಡ್ಡ ಕೊಂಬೆಯ ಒಂದು ತುದಿ ಇನ್ನೂ ಮರಕ್ಕೆ ಅಂಟಿಕೊಂಡಿತ್ತು, ಇನ್ನೊಂದು ಕಿಟಕಿಯ ಕಟ್ಟೆಯ ಮೇಲಿತ್ತು. ಅವರು ಸರಿಯಾಗಿ ನಡುವೆ, ಮೇಲಿಂದ ಪಟ್ಟಿ ಇಳಿಸಿದರು. ಅರ್ಧ ಇಳಿಯಿತು. ಅಷ್ಟರಲ್ಲಿ ಕೊಂಬೆ ಮೊಸಳೆಯ ಹಾಗೆ ಬಾಯಿ ಮುಚ್ಚಿತು. ಮಿಷನ್ ಗಕ್ಕನೆ ನಿಂತಿತು. ಎಳೆದರೆ ಬರಲಿಲ್ಲ, ಅಲ್ಲಾಡಿಸಿದರೂ ಬರಲಿಲ್ಲ. ಇಷ್ಟು ವರ್ಷದ ವೃತ್ತಿಯಲ್ಲಿ ಅವರು ಕಚ್ಚಿಸಿಕೊಂಡದ್ದುಂಟು. ಹೀಗೆ ಹಿಡಿದು ಬಿಡದ ದವಡೆಯನ್ನು ಕಂಡಿರಲಿಲ್ಲ.

"ಎರಡೂ ಕಡೆ ಹಿಡಿದ ಬಟ್ಟೆ ನಡುವೆ ಜೋಲುತ್ತೆ ಅಳಿಯಂದ್ರೇ" ಎಂಬ ದನಿ ಎಲೆಗಳೊಳಗಿಂದ ಬಂತು. "ಮೇಲ್ಗಡೆ ಸುಕ್ಕು, ಕೆಳಗಡೆ ಬಿಗಿ. ಸುಕ್ಕಿನ ಕಡೆ ಚೂರು ಗೀರಿ, ಉಳಿದದ್ದನ್ನ ಬಿಗಿ ಇರೋ ಕಡೆಯಿಂದ ಕತ್ತರಿಸಬೇಕು. ಅಷ್ಟೂ ಗೊತ್ತಾಗಲ್ವಾ?"

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನನ್ನನ್ನ ಕೇಳಿದೋರು ಯಾರು?"

ಭಾವ ತಾನಾಗಿಯೇ ಪ್ಲಗ್ ಕಿತ್ತು ಬಂದ. ಲಾರಿಗೆ ಜಾಕ್ ಕೊಟ್ಟು ಟೈರು ಬದಲಿಸುತ್ತಲೇ ಬದುಕು ಕಳೆದವನು. ಮೊಣಕಾಲೂರಿ ಕೊಂಬೆಯ ಅಡಿಗೆ ಭುಜ ಕೊಟ್ಟು, ಕತ್ತಿನ ನರ ಉಬ್ಬುವಂತೆ ಮೇಲಕ್ಕೆತ್ತಿದ. ಕೊಯ್ದ ಗೆರೆ ಬೆರಳಷ್ಟು ಬಾಯಿ ಬಿಟ್ಟಿತು. ಡಾಕ್ಟರು ಹಲ್ಲು ಕೀಳುವ ಹದದಲ್ಲೇ, ಅತ್ತಿತ್ತ ಜಗ್ಗದೆ, ನೇರವಾಗಿ ಮಿಷನ್ ಎಳೆದುಕೊಂಡರು. ಪಟ್ಟಿಯ ಮೇಲೆ ಒಂದು ಗೀರೂ ಇರಲಿಲ್ಲ.

"ಥ್ಯಾಂಕ್ಸ್ ಭಾವ" ಎಂದರು. ಭಾವ ಭುಜ ಕೊಡವಿಕೊಂಡು, "ಚಿಕ್ಕದಾಗಿದ್ದಕ್ಕೆ ಬಂತು. ಇಪ್ಪತ್ತಿಂಚಿಂದಾಗಿದ್ರೆ ಅಲ್ಲೇ ಕೂತಿರ್ತಿತ್ತು" ಎಂದ. ಹೆಂಡತಿ ಪತ್ರಿಕೆಯಿಂದ ತಲೆಯೆತ್ತಿ ಅಣ್ಣನನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಆಮೇಲೆ ಡಾಕ್ಟರು ಕೆಳಗಿನಿಂದ ಕೊಯ್ದರು. ಕೊಂಬೆ ಧೊಪ್ಪೆಂದು ನೆಲಕ್ಕೆ ಬಿತ್ತು, ಯಾರ ಕಾಲಿನ ಮೇಲೂ ಅಲ್ಲ. ನಾಲ್ಕು ಗಂಟೆಯೊಳಗೆ ಹಿತ್ತಲಲ್ಲಿ ಹನ್ನೊಂದು ತುಂಡುಗಳು ಬಿದ್ದಿದ್ದವು. ಡಾಕ್ಟರ ಕಿವಿ, ಮೂಗು, ಬನಿಯನ್ನಿನೊಳಗೆಲ್ಲ ಮರದ ಹೊಟ್ಟು.

ಅತ್ತೆಯ ಕೋಣೆಗೆ ಬಿಸಿಲು ನುಗ್ಗಿತು. ಹೊಲಿಗೆ ಮಿಷನ್ನಿನ ಮುಂದೆ ಕೂತ ಅತ್ತೆ ಆ ವಾರ ಹೊಲಿದ ಬಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಕಪ್ಪು ಎಂದುಕೊಂಡು ಹಾಕಿದ ದಾರ ಅಚ್ಚ ನೇರಳೆಯಾಗಿತ್ತು. ಪೋಸ್ಟ್‌ಮಾಸ್ಟರ ಮೂರು ಪ್ಯಾಂಟು, ಆರು ಕಾಲು.

"ಅಳಿಯಂದ್ರೇ, ಕೈ ಈಗಲೂ ನಡುಗ್ತಿದೆಯಾ?"

ಡಾಕ್ಟರು ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ನೋಡಿಕೊಂಡರು. ಒಂದಿಷ್ಟೂ ನಡುಗುತ್ತಿರಲಿಲ್ಲ. "ಇಲ್ಲ ಅತ್ತೆ" ಎಂದರು ಹೆಮ್ಮೆಯಿಂದ.

"ಹಾಗಾದ್ರೆ ಕೈ ತೊಳ್ಕೊಂಡು ಬನ್ನಿ" ಎಂದು ಅತ್ತೆ ಬ್ಲೇಡನ್ನೂ ಮೊದಲ ಪ್ಯಾಂಟನ್ನೂ ಮುಂದೆ ಹಿಡಿದರು. "ಬಟ್ಟೆಗೆ ತಾಗಬಾರದು. ಒಂದೊಂದೇ ಹೊಲಿಗೆ ಬಿಚ್ಚಿ."