ಔಟ್‌ಬಾಕ್ಸಿನಲ್ಲಿ ಸಿಕ್ಕಿಕೊಂಡ ಸಿಟ್ಟು

ಬನಹಟ್ಟಿಯ ಶೀತಲ ಎಂಬವಳು ಸೀರೆಯ ಅಂಚಿನ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಬರೆದು ಬೆಳಗಾವಿಯ ಸೀರೆ ವ್ಯಾಪಾರಿ ರತ್ನಾಬಾಯಿಯವರಿಗೆ ಇಮೇಲಿನಲ್ಲಿ ಕಳಿಸುತ್ತಿದ್ದಳು. ಅವರು ಒಪ್ಪಿದ ಮೇಲೆಯೇ ಅದು ಊರಿನ ಮಗ್ಗಕ್ಕೆ ಏರುವುದು. ಮನೆಗೆ ಹೊಸ ಕಂಪನಿಯ ಇಂಟರ್ನೆಟ್ ಬಂದ ವಾರವೇ ಬಾಯಿಯವರು ಬರೆದರು: ಈ ಸಲದ ಹಸಿರು ಚೂರೂ ಹಿಡಿಸಲಿಲ್ಲ, ಕಣ್ಣಿಗೆ ಹೊಡೆಯುತ್ತದೆ.

ಶೀತಲಳಿಗೆ ಮೈಯೆಲ್ಲ ಉರಿಯಿತು. ಆ ಹಸಿರಿಗಾಗಿ ಚಿಮ್ಮಡದ ದಾರಿಯ ಕಬ್ಬಿನ ಹೊಲದಲ್ಲಿ ನಿಂತು ಎಲೆ ನೋಡಿ ಬಂದವಳು ಆಕೆ. ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಕಬ್ಬಿನ ಬಣ್ಣ ಹೇಗೆ ತಿಳಿಯಬೇಕು, ಮುಂದಿನ ಅಂಚು ನೀವೇ ಬರೆದುಕೊಳ್ಳಿರಿ ಎಂದು ಕೂತಲ್ಲೇ ಉತ್ತರ ಬರೆದು, ಕಳಿಸುವ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದಳು. ರೊಟ್ಟಿ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆ ಹತ್ತಿತು.

ಮರುದಿನ ಬಂದ ಇಮೇಲಿನಲ್ಲಿ ಜಗಳದ ಸುದ್ದಿಯೇ ಇರಲಿಲ್ಲ. ಉತ್ತರವಿಲ್ಲ, ಬೇಜಾರಾಯಿತೇನು ಎಂದು ಬಾಯಿಯವರು ಕೇಳಿದ್ದರು. ಆಮೇಲೆ ಇನ್ನೊಂದು ಬಂತು: ನಮ್ಮ ಅತ್ತೆಯವರು ಆ ಹಸಿರಿಗೇ ಮರುಳಾಗಿದ್ದಾರೆ, ತಪ್ಪು ನನ್ನದು, ಹಾಗೇ ನೇಯಿಸೋಣ. ಶೀತಲ ಕ್ಷಮೆ ಕೇಳಿ ಬರೆದಳು. ಅದಕ್ಕೂ ಉತ್ತರವಿಲ್ಲ. ಫೋನು ಮಾಡಲು ಮುಖವಿಲ್ಲದೆ, ಇಮೇಲಿನಲ್ಲೇ ಏನೋ ತೊಡಕಿರಬೇಕೆಂದು ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿಸುವ ಮೈದುನ ಅಮೋಲನನ್ನು ಕರೆದಳು.

ಅವನು ಸೆಟ್ಟಿಂಗ್ ತೆರೆದು ನೋಡಿ ನಕ್ಕ.

"ಕಳ್ಳ ಇಮೇಲಿನ ಕಾಟಕ್ಕ ಈ ಕಂಪನ್ಯಾವರು ಇಮೇಲ್ ಹೋಗೂ ಬಾಗಲಾ, ಇಪ್ಪತ್ತೈದನೇ ಪೋರ್ಟ್, ಬಂದ್ ಮಾಡ್ಯಾರ, ವೈನಿ. ಬರೂವು ಬರ್ತಾವು, ಹೋಗೂವು ಇಲ್ಲೇ ಔಟ್‌ಬಾಕ್ಸಿನ್ಯಾಗ ನಿಂತಾವು. ಐನೂರಾ ಎಂಬತ್ತೇಳು ಅಂತ ಇನ್ನೊಂದು ಬಾಗಲಾ ಐತಿ. ಪಾಸ್‌ವರ್ಡ್ ಕೊಟ್ರ ಬಿಡ್ತಾರ."

ಹಾಗಾದರೆ ಆ ಬೈಗುಳವೂ ಹೋಗಿಲ್ಲ! ಶೀತಲಳ ಜೀವ ಹಗುರಾಯಿತು. ಮೊದಲನೆಯದನ್ನು ಅಳಿಸು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮೋಲ ನಂಬರು ಬದಲಿಸಿ ಗುಂಡಿ ಒತ್ತಿಯಾಗಿತ್ತು. ಬೈಗುಳ ಮುಂದೆ, ಕ್ಷಮೆ ಹಿಂದೆ, ಎರಡೂ ಬೆಳಗಾವಿಗೆ ಹೊರಟುಹೋದವು.

ಊಟಕ್ಕೆ ಮುಂಚೆ ಫೋನು ಬಂತು. ರತ್ನಾಬಾಯಿ ನಗು ತಡೆದುಕೊಂಡು ಕೇಳಿದರು:

"ಎರಡೂ ಒಮ್ಮೆಲೇ ಬಂದಾವವಾ. ಖರೇದು ಯಾವುದು?"

ಸುಳ್ಳು ಹೇಳಲು ಶೀತಲಳಿಗೆ ಮನಸ್ಸಾಗಲಿಲ್ಲ.

"ಎರಡೂ ಖರೇನರಿ ಬಾಯಾರ. ಮೊದಲನೇದು ಬರ್ಯೂಮುಂದ ಭಾಳ ಸಿಟ್ಟು ಬಂದಿತ್ತು."

ಆ ಕಡೆ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಇಷ್ಟು ಚಂದ ಬೈಯುವವಳ ಮುಖ ನೋಡಲೇಬೇಕು, ರವಿವಾರ ಊಟಕ್ಕೆ ಬರಬೇಕು ಎಂದು ಅತ್ತೆ ತಾವೇ ಫೋನು ಕಸಿದುಕೊಂಡು ಹೇಳಿದರು.

ಇಮೇಲುಗಳು ಸರಿಯಾಗಿ ಮುಟ್ಟಿದವೇ ಎಂದು ಅಮೋಲ ವಿಚಾರಿಸಿದ. ಒಂದೂ ಉಳಿಯದೆ ಮುಟ್ಟಿವೆ ಎಂದು ಶೀತಲ ನಗುತ್ತ ಅವನ ತಾಟಿಗೆ ಶೇಂಗಾ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.